ಸೇತುವೆ ತೋರಿಸುವವನ ಮೂರು ಬೆರಳು

ಫೆಬ್ರವರಿ ೩

ಮಾನ್ಯ ಮಹಿಳೆಯರೇ, ಮಹನೀಯರೇ, ಟಿಕೆಟ್ ಕೊಂಡವರೇ, ಕೊಳ್ಳದೆ ಬೇಲಿ ಸಂದಿಯಿಂದ ನುಸುಳಿ ಬಂದವರೇ! ನೂರ ಇಪ್ಪತ್ತು ವರ್ಷ ರೈಲು ಹೊತ್ತು, ಈಗ ನಿವೃತ್ತಿ ಪಡೆದು, ನಿಮ್ಮಂಥ ಹಗುರವಾದವರನ್ನು ಹೊರುವ ಕೆಲಸಕ್ಕೆ ಇಳಿದಿರುವ ಈ ಮಹಾಸೇತುವೆಯ ಮೇಲೆ ತಮಗೆಲ್ಲ ಸ್ವಾಗತ. ದಯವಿಟ್ಟು ಕಂಬಿಗೆ ಒರಗಬೇಡಿ, ಬಣ್ಣ ಹಸಿಯಿದೆ. ಕೆಳಕ್ಕೆ ಬಗ್ಗಬೇಡಿ, ನದಿ ಹಸಿದಿದೆ.

ಕಬ್ಬಿಣದ ಸೇತುವೆ, ನೂರೆಂಟು ತೂತಿವೆ,
ತೂತು ತೂತಿನೊಳಗೂ ಸತ್ತವರ ಮಾತಿವೆ.

ಹೇಗಿದೆ ಅಕ್ಕ? ಇಪ್ಪತ್ತೊಂದು ವರ್ಷ ಇದೇ ಸೇತುವೆಯ ಹೊಟ್ಟೆಗೆ ತೂಗುಹಲಗೆ ಮೇಲೆ ಕೂತು ಬಣ್ಣ ಬಳಿದ ನಿನ್ನ ತಮ್ಮನಿಗೆ ಬಡ್ತಿ ಸಿಕ್ಕಿದೆ. ರೈಲೆಲ್ಲ ಹೊಸ ಸೇತುವೆಗೆ ಹೋಯಿತು. ಹಳೆಯದನ್ನು ಸ್ಮಾರಕ ಮಾಡಿದರು. ಬಿ.ಎ. ಓದಿದ್ದಾನೆ, ಬಾಯಿಯೂ ಇದೆ ಎಂದು ನನ್ನನ್ನು ಬಂದವರಿಗೆ ತೋರಿಸುವವನನ್ನಾಗಿ ಮಾಡಿದರು. ಉದ್ಘಾಟನೆ ಮಾರ್ಚ್ ಇಪ್ಪತ್ತೆರಡಕ್ಕೆ. ಅಲ್ಲಿಯವರೆಗೆ ಸುಮ್ಮನೆ ನೋಡಲು ಬಂದವರ ಮುಂದೆ ನನ್ನದು ತಾಲೀಮು.

ಜನಕ್ಕೆ ಉದ್ದ, ತೂಕ, ಕಮಾನು ಯಾವುದೂ ಬೇಡ. ಬಂದವರ ಮೊದಲ ಪ್ರಶ್ನೆ, "ಕಟ್ಟೋವಾಗ ಎಷ್ಟು ಜನ ಸತ್ರು?" ಮೂರನೆಯ ಕಂಬದ ಅಡಿಪಾಯದ ಗುಂಡಿಗೆ ನೀರು ನುಗ್ಗಿ ಹನ್ನೊಂದು ಜನ ಅಂತೀನಿ. ಸಾಲದು. ತೊಲೆ ಬೆಸೆಯುವ ಮೊಳೆ, ಕೆಂಪಗೆ ಕಾದ ರಿವೆಟ್ಟನ್ನು ಕೆಳಗಿನಿಂದ ಎಸೆಯುತ್ತಿದ್ದರು, ಮೇಲಿನವನು ಡಬ್ಬಿಯಲ್ಲಿ ಹಿಡಿಯುತ್ತಿದ್ದ, ಒಬ್ಬನಿಗೆ ಗುರಿ ತಪ್ಪಿ ಅಂಗಿಯೊಳಗೆ ಬಿತ್ತು, ಸುಡುವ ಹೊಟ್ಟೆ ಹಿಡಿದುಕೊಂಡೇ ಹಾರಿದ ಅಂತೀನಿ. ಆಗ ಒಂದಿಷ್ಟು ಮುಖ ಅರಳುತ್ತದೆ. ಬೆತ್ತ ಬೀಸುತ್ತಿದ್ದ ಮೇಲ್ವಿಚಾರಕನನ್ನು ಕೂಲಿಯವರೇ ಕಾಲಿಗೆ ಹಗ್ಗ ಬಿಗಿದು ತೊಲೆಯಿಂದ ತಲೆಕೆಳಗಾಗಿ ಇಳಿಬಿಟ್ಟು ಊಟಕ್ಕೆ ಹೋದರು, ಬರುವ ಹೊತ್ತಿಗೆ ಅವನ ಕಣ್ಣಲ್ಲಿ ರಕ್ತ ಇಳಿಯುತ್ತಿತ್ತು ಅಂದಾಗ ಕ್ಯಾಮೆರಾ ಹೊರಬರುತ್ತದೆ. "ಯಾವ ತೊಲೆ? ಯಾವ ತೊಲೆ?" ಹತ್ತಿರ ಯಾವುದಿದೆಯೋ ಅದನ್ನು ತೋರಿಸುತ್ತೇನೆ.

ನಾನು ಮೇಲೆ, ಭಾವ ಕೆಳಗೆ. ಉದ್ಘಾಟನೆಯ ಬಣ್ಣದ ಕೆಲಸ ಅವನ ಗ್ಯಾಂಗಿನದೇ, ಅವನೇ ಮೇಸ್ತ್ರಿ. ಮೇಸ್ತ್ರಿ ಎಲ್ಲಿದ್ದರೆ ಅಲ್ಲಿ ಅವನ ತಮ್ಮನೂ. ಗ್ಯಾಂಗಿನವರು ನಿನ್ನ ಮೈದುನನನ್ನು ಈಗ ಎದುರಿಗೇ 'ಬಾಲ' ಅಂತಾರೆ. ಅವನೂ ಓಗೊಡುತ್ತಾನೆ. ನಿನ್ನ ವಿಳಾಸ ಕೇಳಿದ ಭಾವ. ಗೊತ್ತಿಲ್ಲ ಅಂದೆ. ಎಂಟು ತಿಂಗಳಿಂದ ಅದೇ ಪ್ರಶ್ನೆ, ಅದೇ ಉತ್ತರ, ನಮಗಿಬ್ಬರಿಗೂ ಬಾಯಿಪಾಠ.

ಮರೆತೆ, ನನ್ನ ಮುಂದಿನ ಹಲ್ಲೊಂದು ಹೋಯಿತು. ಬಗ್ಗುವಾಗ ತೊಲೆ ತಗುಲಿತು. ಹಲ್ಲು ಹೋದರೇನು, ಸೊಲ್ಲು ಹೋದೀತೇನು!

ನಿನ್ನ ತಮ್ಮ


ಫೆಬ್ರವರಿ ೧೪

ಗಿಳಿರಾಯ,

ನಿನ್ನ ಭಾಷಣ ಓದಿ ಒಗೆತದ ಮನೆಯ ಹೆಂಗಸರೆಲ್ಲ ನಕ್ಕರು. ಹಲ್ಲಿನ ವಿಷಯಕ್ಕೆ ನಾನು ನಗಲಿಲ್ಲ. ಇಪ್ಪತ್ತೊಂದು ವರ್ಷ ಬಗ್ಗಿದವನಿಗೆ ತಗುಲದ ತೊಲೆ ಈಗ ತಗುಲಿತಾ? ಕುಡಿಯೋಕೆ ಶುರು ಮಾಡಿದೀಯಾ? ನಿಜ ಹೇಳು. ಅಪ್ಪನ ಹಾಗೆ ಆಗಬೇಡ.

ಇಲ್ಲಿ ನನ್ನ ಕೆಲಸ ಆಸ್ಪತ್ರೆಯ ಹಾಸುಬಟ್ಟೆ ಒಗೆಯೋದು. ಬೆಳಿಗ್ಗೆ ಆರಕ್ಕೆ ಗಾಡಿಯಲ್ಲಿ ರಾಶಿ ಬರುತ್ತೆ. ಕುದಿಯೋ ನೀರಿಗೆ ಹಾಕೋ ಮುಂಚೆ ರಕ್ತ ಇದ್ದದ್ದನ್ನ ತಣ್ಣೀರಿಗೆ ಬೇರೆ ಹಾಕಬೇಕು. ನಮ್ಮ ಹಿರಿಯಾಕೆ ಕಲೆ ನೋಡಿಯೇ ಹೇಳ್ತಾಳೆ. "ಇದು ಹೆರಿಗೆ. ಇದು ಚಾಕು. ಇದು ಗಂಡ." ನಾನು ಮೊದಲ ದಿನ ಮೂರನೇ ರಾಶಿಯನ್ನ ಸರಿಯಾಗಿ ಗುರುತಿಸಿದೆ. "ಅನುಭವ ಇದೆ ನಿನಗೆ," ಅಂದಳು. ಅವತ್ತೇ ಕೆಲಸ ಖಾಯಂ ಆಯಿತು.

ಕೋಣೆ ಮೂರನೇ ಮಹಡಿ. ಒಂದು ಕಿಟಕಿ, ಒಂದು ಸ್ಟೌವ್. ಬಾಗಿಲಿಗೆ ಅಡ್ಡ ಹಾಕೋಕೆ ಒಂದು ಕಬ್ಬಿಣದ ಪಟ್ಟಿ ಕೊಂಡಿದ್ದೀನಿ. ಮೆಟ್ಟಿಲಲ್ಲಿ ಗಂಡಸಿನ ಬೂಟು ಸದ್ದಾದರೆ ಸ್ಟೌವ್ ಆರಿಸಿ ಉಸಿರು ಹಿಡಿದು ಕೂರ್ತೀನಿ. ಪಕ್ಕದ ಮನೆಯವರು ಹಾಲಿನವನಿಗೆ ಹೆದರೋ ಹೆಂಗಸು ಅಂತ ನಗ್ತಾರೆ. ನಗಲಿ. ಹಿಂದಿನ ಸಲ ಚಿಕ್ಕಮ್ಮನ ಮನೆಗೆ ಓಡಿದಾಗ ನಿನ್ನ ಭಾವ ಒಂಬತ್ತೇ ದಿನಕ್ಕೆ ಹುಡುಕಿದರಲ್ಲ. ಕೂದಲು ಹಿಡಿದು ಬೀದಿ ಉದ್ದಕ್ಕೂ ಎಳೆದುಕೊಂಡು ಹೋದದ್ದನ್ನ ಎರಡೂ ಕಡೆ ಮಹಡಿಯವರು ಒಗೆದ ಬಟ್ಟೆ ಸರಿಸಿ ಸರಿಸಿ ನೋಡಿದರು. "ಇನ್ನೊಂದ್ಸಲ ಹೋದ್ರೆ ವಾಪಸ್ ಕರ್ಕೊಂಡು ಬರಲ್ಲ, ಅಲ್ಲೇ ಮುಗಿಸ್ತೀನಿ," ಅಂದಿದ್ದರು. ಅವರು ಹೇಳಿದ್ದನ್ನ ಮಾಡದೆ ಬಿಟ್ಟವರಲ್ಲ. ಅದೊಂದು ಗುಣ ನೋಡು.

ನಾನು ಎಲ್ಲಿದ್ದೀನಿ ಅನ್ನೋದು ನಿನ್ನೊಬ್ಬನಿಗೆ ಗೊತ್ತು. ಕುಡಿದ ಬಾಯಿ ಜಾರುತ್ತೆ. ಅದಕ್ಕೇ ಕೇಳಿದೆ.

ಚಳಿಗೆ ಎಡಗೈ ಕಿರುಬೆರಳು ನೋಯುತ್ತೆ. ಬೇರೆ ಎಲ್ಲ ಸರಿ.

ಅಕ್ಕ


ಮಾರ್ಚ್ ೨

ಅಕ್ಕ,

ಅಕ್ಷರ ನೋಡಿ ಗಾಬರಿಯಾಗಬೇಡ, ಇದು ಎಡಗೈ. ನಲವತ್ತೈದು ವರ್ಷ ಕೂತು ತಿಂದದ್ದಕ್ಕೆ ಈಗ ದುಡಿಯುತ್ತಿದೆ. ಟಿಕೆಟ್ ಕೋಣೆಯ ಕಬ್ಬಿಣದ ಗೇಟು ಬಲಗೈ ಮೇಲೆ ಬಿತ್ತು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಮೂರಕ್ಕೂ ಬೇರೆ ಬೇರೆ ಪಟ್ಟಿ ಕಟ್ಟಿದ್ದಾರೆ. ಹಿಂದಕ್ಕೆ ಬಾಗಿದ್ದವು, ಡಾಕ್ಟರು ಮತ್ತೆ ಮುಂದಕ್ಕೆ ತಂದಾಗ ಮೂರು ಭಾಷೆಯಲ್ಲಿ ಬೈದೆ. ಕುಡಿದಿರಲಿಲ್ಲ. ಕುಡಿದಿದ್ದರೆ ವಾಸಿಯಿತ್ತು.

ಗೇಟಿನ ಏಟಿಗೆ ಬೆರಳಿಗೆ ಬೇಟೆ, ಉಳಿದೆರಡರಿಂದಲೇ ಅನ್ನಕ್ಕೆ ಲೂಟಿ. ಪ್ರಾಸ ಸ್ವಲ್ಪ ಕುಂಟುತ್ತಿದೆ, ಗೊತ್ತು.

ಮೊನ್ನೆ ಸೇತುವೆಯ ಮೇಲೊಂದು ಯುದ್ಧ. ಎರಡು ಕಾಲೇಜಿನವರು ಒಂದೇ ತೊಲೆಯ ಮೇಲೆ ಹೆಸರು ಕೆತ್ತಲು ಬಂದರು. ಒಬ್ಬ "ನಾವು ಮೊದಲು" ಅಂದ, ಇನ್ನೊಬ್ಬ ಕ್ಯಾಮೆರಾದಿಂದ ಅವನ ಹುಬ್ಬು ಸೀಳಿದ. ಆಮೇಲೆ ಬೆಲ್ಟು, ಬಾಟಲಿ. ಒಬ್ಬನ ಕಿವಿ ಅರ್ಧ ಜೋತಾಡುತ್ತಿತ್ತು. ಕೊನೆಗೆ ನಾನು ದೊಡ್ಡ ದನಿಯಲ್ಲಿ, "ಮಹನೀಯರೇ, ಇದೇ ಜಾಗದಲ್ಲಿ ನೂರ ಇಪ್ಪತ್ತು ವರ್ಷದ ಹಿಂದೆ," ಅಂತ ಶುರು ಮಾಡಿದೆ. ಏನಾಯಿತು ಎಂದು ಕೇಳಲು ಎಲ್ಲರೂ ನಿಂತರು! ಕಿವಿ ಹಿಡಿದುಕೊಂಡಿದ್ದವನೂ ಇನ್ನೊಂದು ಕಿವಿ ಕೊಟ್ಟ.

ಭಾವ ಚೆನ್ನಾಗಿದ್ದಾನೆ. ಬಣ್ಣ ಮುಗಿಸುವ ಆತುರದಲ್ಲಿದ್ದಾನೆ. ಈಗೀಗ ನಿನ್ನ ವಿಷಯ ಕೇಳುವುದನ್ನೇ ಬಿಟ್ಟಿದ್ದಾನೆ.

ಕಬ್ಬಿಣದ ಪಟ್ಟಿ ಗಟ್ಟಿಯಾಗಿದೆಯಾ? ಆ ಊರಲ್ಲೇ ಬೇರೆ ಕೋಣೆ ಸಿಕ್ಕುವುದಾದರೆ ನೋಡು. ಮೂರು ಮಹಡಿ ಹತ್ತುವುದು ಮೊಣಕಾಲಿಗೆ ಒಳ್ಳೆಯದಲ್ಲ ಎಂದು ಎಲ್ಲೋ ಓದಿದೆ.

ತಮ್ಮ


ಮಾರ್ಚ್ ೧೨

ತಮ್ಮಣ್ಣ,

ಗೇಟು ಬಿದ್ದರೆ ಬೆರಳು ಜಜ್ಜುತ್ತೆ. ಒಂದೊಂದೇ ಹಿಂದಕ್ಕೆ ಬಾಗೋದಿಲ್ಲ. ಇಲ್ಲಿ ಮೂಳೆ ವಿಭಾಗದಲ್ಲಿ ಪಟ್ಟಿ ಕಟ್ಟೋವನನ್ನ ಕೇಳಿದೆ. ಕೇಳೋ ಅಗತ್ಯ ಇರಲಿಲ್ಲ. ನನ್ನ ಎಡಗೈ ಕಿರುಬೆರಳು ಯಾಕೆ ಚಳಿಗೆ ನೋಯುತ್ತೆ ಅಂತ ನಿನಗೆ ನಾನು ಹೇಳಿರಲಿಲ್ಲ. ಈಗ ಕೇಳು.

ನಿನ್ನ ಭಾವನಿಗೊಂದು ಕ್ರಮ ಇದೆ. ಸಿಟ್ಟು ಮಾಡಲ್ಲ, ಕೂಗಲ್ಲ. ಮೇಜಿನ ಹತ್ತಿರ ಕೂರಿಸ್ತಾನೆ. ಒಂದು ಪ್ರಶ್ನೆ, ಒಂದು ಬೆರಳು. ಕಿರುಬೆರಳಿಂದ ಶುರು. ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸ್ತಾನೆ, ಎದ್ದು ಹೋಗಿ ಕೈ ತೊಳೀತಾನೆ. ಚಿಕ್ಕಮ್ಮನ ಮನೆಗೆ ಹೋಗೋಕೆ ನನಗೆ ಬಸ್ಸು ಹತ್ತಿಸಿದ್ದು ಯಾರು ಅಂತ ಕೇಳಿದ್ದ. ನಾನು ಒಂದಕ್ಕೇ ನಿನ್ನ ಹೆಸರು ಹೇಳಿಬಿಟ್ಟಿದ್ದೆ. ಅದಾದ ಮೇಲೆ ನಿನ್ನ ಮುಖ ಎತ್ತಿ ನೋಡಿಲ್ಲ ನಾನು. ನಿನಗದು ಗೊತ್ತೇ ಆಗಲಿಲ್ಲ.

ನಿನ್ನ ಎಡಗೈ ಅಕ್ಷರ ನೋಡಿದ ಕೂಡಲೇ ಚೀಲ ಕಟ್ಟಿದೆ. ನೀನು ಹೇಳಿಬಿಟ್ಟಿದ್ದೀಯ, ಅವನು ಬರ್ತಾ ಇದ್ದಾನೆ ಅಂದುಕೊಂಡೆ. ಹಿರಿಯಾಕೆಯ ತಂಗಿ ಇನ್ನೊಂದು ಊರಲ್ಲಿದ್ದಾಳೆ, ಅಲ್ಲಿಗೆ ಬಸ್ಸಿಗೆ ನಿಂತೂ ಇದ್ದೆ. ನಿಂತಲ್ಲೇ ಕಾಗದ ಮತ್ತೆ ಓದಿದೆ. ಮೂರು ಬೆರಳು. ಹೇಳಿದ್ದರೆ ಒಂದಕ್ಕೇ ನಿಲ್ಲುತ್ತಿತ್ತು. ಮೂರಕ್ಕೂ ಹೇಳಲಿಲ್ಲ ನೀನು! ಬಸ್ಸು ಬಿಟ್ಟೆ. ವಾಪಸ್ ಬಂದು ಚೀಲ ಬಿಚ್ಚಿ, ಕೂತು ಅತ್ತೆ.

ಚಿಕ್ಕವನಿದ್ದಾಗ ಮುಳ್ಳು ತೆಗೆದರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚುತ್ತಿದ್ದೆ. ಯಾವಾಗ ಇಷ್ಟು ದೊಡ್ಡವನಾದೆಯೋ?

ಇನ್ನೊಮ್ಮೆ ಅವನು ಬಂದರೆ ಎದುರು ನಿಲ್ಲಬೇಡ, ಓಡು.

ಅಕ್ಕ


ಮಾರ್ಚ್ ೨೧

ಅಕ್ಕ,

ನಿನ್ನ ಕಾಗದ ಹದಿನೆಂಟಕ್ಕೆ ಸಿಕ್ಕಿತು. ಈಗ ನಾನು ಹೇಳುವುದನ್ನು ಕೂತು ಓದು. ನಿನ್ನೆ ಬೆಳಿಗ್ಗೆ ಹತ್ತೂಕಾಲಕ್ಕೆ ಭಾವ ಸೇತುವೆಯಿಂದ ಬಿದ್ದ. ಅವನು ಇನ್ನಿಲ್ಲ.

ವಿಚಾರಣೆಗೆ ಬಂದ ಅಧಿಕಾರಿಗೆ ನಾನೇ ಎಲ್ಲ ವಿವರಿಸಿದೆ. ತೋರಿಸುವುದೇ ನನ್ನ ಕೆಲಸವಲ್ಲವೇ. ನಿನಗೆ ಗೊತ್ತಿರುವುದನ್ನೇ ಅವರಿಗೂ ಹೇಳಿದೆ. ತೂಗುಹಲಗೆಗೆ ಇಳಿಯುವವನ ಸೊಂಟದ ಹಗ್ಗವನ್ನು ಅವನೇ ಕಟ್ಟಿಕೊಳ್ಳುವಂತಿಲ್ಲ, ಜೊತೆಗಾರ ಮೇಲಿನ ತೊಲೆಗೆ ಕಟ್ಟಬೇಕು. ಕಟ್ಟಿದ ಮೇಲೆ ಇಳಿಯುವವನು ಅದನ್ನು ಜಗ್ಗಿ ನೋಡುವಂತಿಲ್ಲ. ನೋಡಿದರೆ ಕಟ್ಟಿದವನ ಕೆನ್ನೆಗೆ ಹೊಡೆದ ಹಾಗೆ. ಇದರ ಮೇಲೆ ನಮ್ಮಲ್ಲಿ ತಲೆ ಒಡೆದದ್ದುಂಟು.

ನಿನ್ನೆ ಅವನ ಜೊತೆಗಾರ ಬಂದಿರಲಿಲ್ಲ. ಬಣ್ಣಕ್ಕೆ ಉಳಿದಿದ್ದು ಮೂರನೆಯ ಕಂಬದ ಮೇಲಿನ ಒಂದು ಮೂಲೆ. ನಾನು ಮೇಲೆ ಹದಿನಾರು ಜನ ಶಿಕ್ಷಕಿಯರಿಗೆ ರಿವೆಟ್ಟಿನ ಕಥೆ ಹೇಳುತ್ತಿದ್ದೆ. ಅವನು ಕಂಬಿಯಾಚೆಯಿಂದ ಕರೆದ.

"ಏನ್ರೀ ಗೈಡ್ ಸಾಹೇಬ್ರೇ, ಮಾತಾಡಿ ಮಾತಾಡಿ ಕೈಕೆಲಸ ಮರ್ತುಹೋಯ್ತಾ? ಬಾ, ಹಗ್ಗ ಕಟ್ಟು."

"ಬೆರಳಿಲ್ಲ ಭಾವ."

"ಇನ್ನೂ ಏಳಿದೆಯಲ್ಲೋ. ಕಟ್ಟು."

ಗ್ಯಾಂಗಿನವರು ನಕ್ಕರು. ಬಾಲ ಎಲ್ಲರಿಗಿಂತ ಜೋರಾಗಿ ನಕ್ಕ. ಹೋಗಿ ಕಟ್ಟಿದೆ. ವಯಸ್ಸಾದ ಒಬ್ಬ ಪೇಂಟರು, "ಮೇಸ್ತ್ರಿ, ಒಂದ್ಸಲ ಜಗ್ಗಿ ನೋಡಿ," ಅಂದ.

"ಹೆಂಡ್ತಿ ತಮ್ಮ ಕಟ್ಟಿದ್ದನ್ನ ಜಗ್ಗಿ ನೋಡೋಕೆ ನಾನೇನು ನಿನ್ನ ಥರ ಪುಕ್ಕಲಾ?" ಎಂದು ಇಳಿದ.

ಮೂಲೆಗೆ ಕುಂಚ ಎಟುಕಲಿಲ್ಲ. ಹಗ್ಗದ ಮೇಲೆ ಭಾರ ಬಿಟ್ಟು ಹೊರಕ್ಕೆ ವಾಲಿದ, ಇಪ್ಪತ್ತು ವರ್ಷದಿಂದ ವಾಲಿದ ಹಾಗೆ. ಗಂಟು ಬಿಚ್ಚಿತು. ನೀರಿಗೆ ಬಿದ್ದಿದ್ದರೆ ಏನಾಗುತ್ತಿತ್ತೋ, ಕಂಬದ ಬುಡದ ಕಲ್ಲುಕಟ್ಟೆಗೆ ಬಿದ್ದ. ಮೊದಲು ಸೊಂಟ, ಆಮೇಲೆ ತಲೆ. ಕಲ್ಲಿನ ಮೇಲೆ ಬಣ್ಣದ ಡಬ್ಬಿಯೂ ಅವನೂ ಒಟ್ಟಿಗೆ ಒಡೆದರು. ಯಾವುದು ಎಲ್ಲಿಯವರೆಗೆ ಹರಿಯಿತು ಎಂದು ಮೇಲಿನಿಂದ ಗೊತ್ತಾಗುತ್ತಿರಲಿಲ್ಲ, ಸೇತುವೆಗೆ ಕೆಂಪು ಬಣ್ಣವಲ್ಲವೇ. ಶಿಕ್ಷಕಿಯರಲ್ಲಿ ನಾಲ್ವರು ವಾಂತಿ ಮಾಡಿದರು. ಒಬ್ಬಾಕೆ ಫೋಟೋ ತೆಗೆದಳು.

ಅಧಿಕಾರಿ ನನ್ನ ಪಟ್ಟಿ ಕಟ್ಟಿದ ಕೈ ನೋಡಿ, "ಈ ಕೈಯಿಂದ ಗಂಟು ಹಾಕಿಸ್ಕೊಂಡ್ನಾ? ತಲೆ ಇರ್ಲಿಲ್ವಾ ಅವನಿಗೆ?" ಎಂದು ಕೇಳಿದರು.

"ಈಗಂತೂ ಇಲ್ಲ ಸಾರ್," ಅಂದ ವಯಸ್ಸಾದ ಪೇಂಟರು.

"ನಿನ್ನ ಬೆರಳಿಗೆ ಏನಾಗಿತ್ತು?"

"ಗೇಟು ಬಿತ್ತು ಸಾರ್."

ಇಡೀ ಗ್ಯಾಂಗು ನದಿ ನೋಡುತ್ತಾ ನಿಂತಿತ್ತು. 'ಅಜಾಗರೂಕತೆಯಿಂದ ಆದ ಅಪಘಾತ' ಎಂದು ಬರೆದುಕೊಂಡರು. ಅಜಾಗರೂಕತೆ ಅವನದು. ಮುರಿದ ಬೆರಳೇ ನನ್ನ ಪರವಾಗಿ ಸಾಕ್ಷಿ ಹೇಳಿತು ನೋಡು.

ಉದ್ಘಾಟನೆ ನಾಳೆಯೇ. ಕಲ್ಲು ತೊಳೆಸಿದ್ದಾರೆ.

ನೀನಿನ್ನು ಹೆದರಬೇಕಾಗಿಲ್ಲ.

ತಮ್ಮ


ಏಪ್ರಿಲ್ ೪

ನನ್ನ ತಮ್ಮಣ್ಣ,

ನಾಲ್ಕು ಸಲ ಬರೆದು ಹರಿದೆ. ಮೊದಲ ಕಾಗದದಲ್ಲಿ ಅತ್ತಿದ್ದೆ, ಎರಡನೆಯದರಲ್ಲಿ ನಕ್ಕಿದ್ದೆ, ಉಳಿದೆರಡು ಯಾರಿಗೂ ತೋರಿಸೋ ಹಾಗಿರಲಿಲ್ಲ. ಹದಿನೇಳು ವರ್ಷ ಅವನ ಊಟದ ಡಬ್ಬಿ ತುಂಬಿಸಿದವಳು ನಾನು. ಆ ಕಲ್ಲುಕಟ್ಟೆ ಕಣ್ಣ ಮುಂದೆ ಬರುತ್ತೆ. ಬಂದರೆ ಬೇಗ ಹೋಗೋದೂ ಇಲ್ಲ.

ನಿನಗೆ ಗಂಟು ಹಾಕೋದನ್ನ ಕಲಿಸಿದ್ದು ನಾನು. ಅಪ್ಪ ನಿನ್ನನ್ನ ಹೊಡೆದೂ ಕಲಿಸೋಕಾಗದೆ ಬಿಟ್ಟ ಮೇಲೆ ಮಂಚದ ಕಾಲಿಗೆ ಹಗ್ಗ ಸುತ್ತಿಸಿ ಕಲಿಸಿದೆ. ಕತ್ತಲೆಯಲ್ಲಿ, ಎಡಗೈಯಲ್ಲಿ, ಎರಡು ಬೆರಳಲ್ಲಿ ಪಂದ್ಯ ಕಟ್ಟಿ ಹಾಕುತ್ತಿದ್ದೆ ನೀನು. ನಾನು ಏನನ್ನೂ ಕೇಳೋದಿಲ್ಲ. ನೀನೂ ಏನನ್ನೂ ಬರೆಯಬೇಡ. ಅಧಿಕಾರಿ ಬರೆದದ್ದೇ ಸರಿ.

ಮೂರು ಬೆರಳು ಮುರಿಸಿಕೊಂಡೂ ಅಕ್ಕನ ವಿಳಾಸ ಹೇಳದವನು ಅಂತ ಇಲ್ಲಿ ಎಲ್ಲರಿಗೂ ನಿನ್ನ ಕಥೆ ಹೇಳಿದ್ದೀನಿ. ಹಿರಿಯಾಕೆಗೆ ನಿನ್ನನ್ನ ನೋಡಬೇಕಂತೆ. "ಅಂಥ ಗಂಡಸು ಇದ್ದಾನಾ? ಮದುವೆಯಾಗಿದೆಯಾ?" ಅಂದಳು. ಅವಳಿಗೆ ಅರವತ್ತೆರಡು, ಯೋಚನೆ ಮಾಡು.

ಬಾಗಿಲಿನ ಪಟ್ಟಿ ತೆಗೆದುಬಿಟ್ಟೆ. ಈಗ ಅದನ್ನ ಕಿಟಕಿಗೆ ಅಡ್ಡ ಹಾಕಿ ಮೇಲೆ ಹೂಕುಂಡ ಇಟ್ಟಿದ್ದೀನಿ. ಸಂಜೆ ಬಾಗಿಲು ತೆರೆದಿಟ್ಟು ಮೆಟ್ಟಿಲ ಮೇಲೆ ಕೂತು ಪಕ್ಕದವಳ ಜೊತೆ ಹರಟೆ ಹೊಡೀತೀನಿ. ನಿನ್ನೆ ಯಾರದ್ದೋ ಬೂಟು ಸದ್ದಾಯಿತು. ನಾನು ಏಳಲೇ ಇಲ್ಲ! ಕೂತಲ್ಲಿಂದಲೇ ಯಾರು ಅಂತ ಕೇಳಿದೆ. ವಿದ್ಯುತ್ ಮೀಟರಿನವನು. ಪಾಪ, ಅವನೇ ಹೆದರಿದ.

ಬೇಸಿಗೆಗೆ ಬಂದು ನಿನ್ನ ಸೇತುವೆ ನೋಡ್ತೀನಿ. ಟಿಕೆಟ್ ಕೊಂಡೇ ಬರ್ತೀನಿ. ನನಗೊಬ್ಬಳಿಗೇ ಪೂರ್ತಿ ಭಾಷಣ ಮಾಡಬೇಕು.

ಅಕ್ಕ


ಏಪ್ರಿಲ್ ೧೦

ಮಾನ್ಯ ಮಹಿಳೆಯರೇ, ಮಹನೀಯರೇ, ಹಾಗೂ ಬೇಸಿಗೆಗೆ ಬರಲಿರುವ ವಿಶೇಷ ಅತಿಥಿಯವರೇ!

ನಿನಗಾಗಿ ಹೊಸ ಭಾಷಣ ಸಿದ್ಧವಾಗುತ್ತಿದೆ. ಹಳೆಯದಕ್ಕೆ ಈಗ ಬೇಡಿಕೆಯಿಲ್ಲ. ಹನ್ನೊಂದು ಜನರ ಗುಂಡಿಯನ್ನು ಯಾರೂ ಕೇಳುತ್ತಿಲ್ಲ, ಎಲ್ಲರಿಗೂ ಮಾರ್ಚ್ ಇಪ್ಪತ್ತರ ಮೂಲೆಯೇ ಬೇಕು. "ಇಲ್ಲಿಂದಲೇನಾ ಬಿದ್ದಿದ್ದು?" ಇಲ್ಲಿಂದಲೇ. "ಕಟ್ಟಿದವನು ಏನಾದ?" ನಿಮ್ಮ ಮುಂದೆಯೇ ನಿಂತಿದ್ದಾನೆ ಅಂದರೆ ಅರ್ಧ ಜನ ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ, ಇನ್ನರ್ಧ ಜನ ಕೈ ಕುಲುಕುತ್ತಾರೆ. ಮೂರು ಬೆರಳು ಇನ್ನೂ ಮಡಚುವುದಿಲ್ಲ, ಕುಲುಕಿದವರಿಗೆ ಮರದ ಕೈ ಹಿಡಿದ ಹಾಗಾಗುತ್ತದಂತೆ.

ಬಿದ್ದವನ ಜಾಗಕ್ಕೆ ಬೇಲಿಯ ಕಾವಲು, ಕಟ್ಟಿದವನ ಮಾತಿಗೆ ಚಪ್ಪಾಳೆ ಸಾಲು. ಇದನ್ನು ಇನ್ನೂ ತಿದ್ದಬೇಕು. ಹಿರಿಯಾಕೆಗೆ ಹೇಳು, ವರ ಒಪ್ಪಿದ್ದಾನೆ, ಆದರೆ ಒಂದು ಹಲ್ಲು


ಏಪ್ರಿಲ್ ೧೩, ಬೆಳಿಗ್ಗೆ, ಆಸ್ಪತ್ರೆ

ಅಕ್ಕ, ಮೇಲಿನದನ್ನು ಬಿಡು. ಇದನ್ನು ನಿಂತೇ ಓದು, ಓದಿದ ಕೂಡಲೇ ಆ ಕೋಣೆ ಬಿಡು. ಚೀಲ ಕಟ್ಟಬೇಡ. ಒಬ್ಬಳೇ ಇರಬೇಡ.

ಹತ್ತನೇ ತಾರೀಕು ಮಧ್ಯಾಹ್ನ ಬಾಲ ಟಿಕೆಟ್ ಕೋಣೆಗೆ ಬಂದ. ತುಕ್ಕು ಕುಟ್ಟುವ ಸುತ್ತಿಗೆ ತಂದಿದ್ದ. ನನ್ನ ಎರಡೂ ಮೊಣಕಾಲು ಒಡೆದ, ಮೊದಲು ಬಲ, ಆಮೇಲೆ ಎಡ. "ನೀನು ಇಲ್ಲೇ ಬಿದ್ದಿರು. ಎಲ್ಲ ಅವಳಿಂದ ಆಗಿದ್ದು," ಅಂದ. ಏನನ್ನೂ ಕೇಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ ಅಕ್ಕ. ನನಗೆ ಎಚ್ಚರ ಬಂದದ್ದು ನಿನ್ನೆ. ಅವನ ಮನೆಗೆ ಬೀಗ ಹಾಕಿದೆ, ಸುತ್ತಿಗೆ ಟಿಕೆಟ್ ಕೋಣೆಯಲ್ಲೂ ಇಲ್ಲ ಎಂದು ವಯಸ್ಸಾದ ಪೇಂಟರು ನೋಡಿಕೊಂಡು ಬಂದ. ನಿನ್ನ ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿಸಿದೆ. ಒಗೆಯುವವರನ್ನೆಲ್ಲ ಫೋನಿಗೆ ಕರೆಯುವುದಿಲ್ಲವಂತೆ, ಇಟ್ಟುಬಿಟ್ಟರು. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಪೇಂಟರೇ ಹತ್ತು ಗಂಟೆಯ ರೈಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನು ಏಳಲಾರೆ.

ಬಾಲನಿಗೆ ವಿಳಾಸ ಹೇಗೆ ಗೊತ್ತು ಎಂದು ನೀನು ಕೇಳುತ್ತೀಯ. ನನ್ನ ಬೆರಳು ಮುರಿದ ದಿನ ಬಾಗಿಲಿಗೆ ಒರಗಿ ನಿಂತಿದ್ದವನು ಅವನೇ. ಬಣ್ಣ ಮುಗಿಯಲಿ, ಉದ್ಘಾಟನೆಯ ಮಾರನೇ ದಿನವೇ ಇಬ್ಬರೂ ಹೋಗೋಣ ಎಂದು ಅಲ್ಲೇ ಮಾತಾಡಿಕೊಂಡರು. ಬೇರೆ ಕೋಣೆ ನೋಡು ಎಂದು ಬರೆದೆನಲ್ಲ, ಅದಕ್ಕೇ. ಯಾಕೆ ಎಂದು ಬರೆಯಲು ಕೈ ಬರಲಿಲ್ಲ. ನೀನು ಬಸ್ಸು ಬಿಟ್ಟು ವಾಪಸ್ ಬಂದೆ ಎಂದು ಬರೆದ ಮೇಲೆ ನನಗೆ ಬೇರೆ ದಾರಿ ಉಳಿದಿರಲಿಲ್ಲ. ಹೌದು, ಗಂಟನ್ನು ಬಿಚ್ಚುವ ಹಾಗೆಯೇ ಹಾಕಿದೆ.

ನಾನು ಹೇಳಿಬಿಟ್ಟಿದ್ದೆ, ಅಕ್ಕ. ಬೀದಿ, ಮಹಡಿ, ಬಾಗಿಲಿನ ಬಣ್ಣ, ಎಲ್ಲ. ಎರಡನೆಯ ಬೆರಳಿಗೇ ಹೇಳಿಬಿಟ್ಟಿದ್ದೆ. ಮೂರನೆಯದನ್ನು ಅವನು ಮುರಿದದ್ದು ನಾನು ಹೇಳಿದ್ದು ನಿಜವೋ ಸುಳ್ಳೋ ನೋಡಲು.

ನಿಜ ಅಂದೆ.